ಶರದೃತುವಿನ ಕಾಯಿಪಲ್ಯ, ಹಣ್ಣು ಮತ್ತು ಮನೆಮಂದಿಯ ಊಟ



ಹಸ್ತಾ ಮಳೆ ಸರಿದು ಚಿತ್ತಾ ಮಳೆ ಹಿಡಿಯುವ ಹೊತ್ತಿಗೆ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹೊಲ, ತೋಟ, ಹಿತ್ತಲು ಮೂರೂ ತುಂಬಿರುತ್ತವೆ. ಹೆಸರು ಒಕ್ಕಣೆಯಾಗಿ ಮಡಕೆ ಸೇರಿರುತ್ತದೆ. ಶೇಂಗಾ ಕೀಳುವ ಕೆಲಸ ನಡೆದಿರುತ್ತದೆ. ಬೇಲಿಯ ಮೇಲೆ ಹೀರೆ, ಹಾಗಲ ಜೋತು ಬಿದ್ದಿರುತ್ತವೆ. ಮಾಳಿಗೆಯ ಮೇಲೆ ಸಿಹಿಗುಂಬಳ ಬಲಿತು ಕೂತಿರುತ್ತದೆ. ಸಂಡೂರಿನ ಗುಡ್ಡಗಳಿಂದ ಸೀತಾಫಲದ ಬುಟ್ಟಿಗಳು ಹೊಸಪೇಟೆಯ ಪೇಟೆಗೆ ಇಳಿಯುತ್ತವೆ. ಆಶ್ವಯುಜ, ಕಾರ್ತಿಕ ಮಾಸಗಳ ಈ ಶರದೃತುವಿನಲ್ಲಿ ಸಿಗುವಷ್ಟು ಬಗೆಯ ಸೊಪ್ಪು, ಕಾಯಿ, ಹಣ್ಣು ಬೇಸಿಗೆಯಲ್ಲಿ ಬೇಕೆಂದರೂ ಸಿಗುವುದಿಲ್ಲ.

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ ಅನಂತಶಯನಗುಡಿಯನ್ನು ದಾಟಿದ ಮೇಲೆ ಸಿಗುವ ಕಡ್ಡಿರಾಂಪುರ ಈ ಸಮೃದ್ಧಿಗೆ ಒಂದು ಉದಾಹರಣೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ಈ ಸೀಮೆಯ ಗದ್ದೆ, ತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಬಾಳೆ, ಕಬ್ಬು, ಭತ್ತ ಇಲ್ಲಿನ ಮುಖ್ಯ ಬೆಳೆಗಳು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಇಲ್ಲಿ ಪ್ರತಿ ಸಂಜೆ ಸೇರುತ್ತಿದ್ದ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ ಮತ್ತು ತೋಟದ ಇತರ ಫಲಗಳು ಮಾರಾಟಕ್ಕೆ ಬರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದು ಸಾಮಾನ್ಯವಾಗಿರುವ ಪೇರಲ, ಸೀತಾಫಲ, ಸಿಹಿಗುಂಬಳ, ಶೇಂಗಾ, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡದಿಂದ ಬಂದು ಇಲ್ಲಿನ ಮಣ್ಣಿಗೆ ಒಗ್ಗಿದವು. ಹೊಸದನ್ನು ಒಲೆಯ ಮೇಲಿಟ್ಟು ತನ್ನದಾಗಿಸಿಕೊಳ್ಳುವುದು ಈ ಸೀಮೆಯ ಅಡುಗೆಮನೆಗೆ ಹೊಸ ಮಾತಲ್ಲ.

ಬೆಳೆಯುವ ಊರಿನಲ್ಲಿ ಬರಿದಾದ ತಟ್ಟೆ

ಇಷ್ಟು ಬೆಳೆಯುವ ಊರುಗಳಲ್ಲಿ ಮನೆಯ ತಟ್ಟೆಯನ್ನು ನೋಡಿದರೆ ಹಲವೆಡೆ ಅನ್ನ, ತೆಳ್ಳನೆಯ ಸಾರು, ಉಪ್ಪಿನಕಾಯಿ ಇಷ್ಟೇ ಇರುತ್ತದೆ. ಬಾಳೆಗೊನೆ ಲಾರಿ ಹತ್ತುತ್ತದೆ. ಸೀತಾಫಲ ಪೇಟೆ ಸೇರುತ್ತದೆ. ಒಡೆದ, ಡಾಗು ಬಿದ್ದ ಹಣ್ಣು ಮಾತ್ರ ಮನೆಯಲ್ಲಿ ಉಳಿಯುತ್ತದೆ. ಅದರಲ್ಲಿಯೂ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂಡುವ ತಾಯಿಯ ಪಾಲಿಗೆ ಪಲ್ಯ ತಳಕ್ಕೆ ಹತ್ತಿದ್ದಷ್ಟೇ ಸಿಗುತ್ತದೆ.

ಇದರ ಫಲವೇನೆಂಬುದನ್ನು ಅಂಕಿಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೂ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೂ ರಕ್ತಹೀನತೆ ಇದೆ. ರಕ್ತಹೀನತೆ ಇರುವ ತಾಯಿ ನಾಟಿ ಕೆಲಸದಲ್ಲಿ ಬೇಗ ದಣಿಯುತ್ತಾಳೆ. ಹೆರಿಗೆಯಲ್ಲಿ ಅವಳ ಜೀವಕ್ಕೇ ಅಪಾಯ ಬರಬಹುದು. ರಕ್ತ ಕಡಿಮೆ ಇರುವ ಮಗು ಶಾಲೆಯಲ್ಲಿ ಮಂಕಾಗಿ ಕೂಡುತ್ತದೆ. ಕಲಿಕೆಯಲ್ಲಿ ಹಿಂದೆ ಬೀಳುತ್ತದೆ. ಎ ಜೀವಸತ್ವದ ಕೊರತೆಯಾದರೆ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ರೋಗಗಳನ್ನು ತಡೆಯುವ ಶಕ್ತಿ ಕುಂದುತ್ತದೆ.

ಕಾಲುವೆಯ ನೀರು ಬಂದ ಊರುಗಳಲ್ಲಿ ಊಟದ ಪದ್ಧತಿ ಬದಲಾದುದೂ ಇದಕ್ಕೆ ಒಂದು ಕಾರಣ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಜೋಳ, ಸಜ್ಜೆ, ನವಣೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಅನ್ನ ಬಂದಿತು. ಜೋಳದ ರೊಟ್ಟಿ ಪಲ್ಯವಿಲ್ಲದೆ ಗಂಟಲಲ್ಲಿ ಇಳಿಯದು. ಒಂದು ಸೊಪ್ಪು, ಒಂದು ಕಾಳು, ಒಂದು ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ, ಸವತೆಕಾಯಿ ಇವೆಲ್ಲ ರೊಟ್ಟಿಯ ಹಿಂದೆ ತಾವಾಗಿಯೇ ತಟ್ಟೆಗೆ ಬರುತ್ತಿದ್ದವು. ಅನ್ನಕ್ಕಾದರೋ ಒಂದು ಸೌಟು ಸಾರು ಸಾಕು. ರೊಟ್ಟಿ ಹೋದಾಗ ಅದರ ಜೊತೆಯ ಪಲ್ಯಗಳೂ ಹಿಂದೆ ಸರಿದವು. ಜೋಳದಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ಕಬ್ಬಿಣಾಂಶವೂ ನಾರೂ ಹೆಚ್ಚು ಎಂಬುದು ಬೇರೆ ಮಾತು.

ಅನ್ನವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ದಿನಕ್ಕೆ ಒಂದು ಹೊತ್ತಾದರೂ ರೊಟ್ಟಿ ಇರಲಿ. ಅನ್ನದ ಹೊತ್ತಿನಲ್ಲಿಯೂ ತಟ್ಟೆಯ ಅರ್ಧದಷ್ಟು ಸೊಪ್ಪು, ತರಕಾರಿ ಇರಲಿ. ಋತುವಿನ ಫಲದಲ್ಲಿ ಮೊದಲ ಪಾಲು ಮನೆಗೆ, ಉಳಿದದ್ದು ಪೇಟೆಗೆ ಎಂಬ ನಿಯಮವನ್ನು ಮನೆಯ ಯಜಮಾನರೂ ಗೃಹಿಣಿಯೂ ಸೇರಿ ಹಾಕಿಕೊಳ್ಳುವುದು ಅತ್ಯವಶ್ಯಕ.

ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ ಪ್ರಾಪ್ತ ವಯಸ್ಸಿನವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣು ಬೇಕು. ತರಕಾರಿಯಲ್ಲಿ ಸೊಪ್ಪು, ಕಾಯಿ, ಗಡ್ಡೆ ಮೂರೂ ಸೇರಿರಬೇಕು. ದೊಡ್ಡವರು ಮೂವರು, ಮಕ್ಕಳು ಇಬ್ಬರು ಇರುವ ಮನೆಗೆ ದಿನಕ್ಕೆ ಸುಮಾರು ಒಂದೂವರೆ ಕಿಲೋ ತರಕಾರಿ ಬೇಕಾಗುತ್ತದೆ. ಎರಡು ಏಲಕ್ಕಿ ಬಾಳೆಹಣ್ಣು ಅಥವಾ ಒಂದು ಮಧ್ಯಮ ಗಾತ್ರದ ಪೇರಲ ಒಬ್ಬರ ಒಂದು ದಿನದ ಹಣ್ಣಿಗೆ ಸಮ.

ತೂಕ ಹಾಕುತ್ತ ಕೂಡಲು ಯಾವ ಗೃಹಿಣಿಗೂ ಬಿಡುವಿರುವುದಿಲ್ಲ. ಅದಕ್ಕೆ ಸುಲಭವಾದ ಲೆಕ್ಕವೆಂದರೆ ಬಣ್ಣದ ಲೆಕ್ಕ. ದಿನದ ಊಟದಲ್ಲಿ ಒಂದು ಹಸಿರು, ಒಂದು ಹಳದಿ ಅಥವಾ ಕೆಂಪು, ಒಂದು ಬಿಳಿ ಇದ್ದರೆ ಬಹುಮಟ್ಟಿಗೆ ಸರಿಹೋಯಿತು. ಹಸಿರೆಂದರೆ ಪುಂಡಿ, ರಾಜಗಿರಿ, ಮೆಂತ್ಯ, ನುಗ್ಗೆ ಸೊಪ್ಪುಗಳು. ಇವು ಕಬ್ಬಿಣಾಂಶ, ಸುಣ್ಣದ ಅಂಶ ಹಾಗೂ ಎ ಜೀವಸತ್ವದ ಮೂಲವಾದ ಕೆರೋಟಿನ್ ಒದಗಿಸುತ್ತವೆ. ಹಳದಿ, ಕೆಂಪೆಂದರೆ ಸಿಹಿಗುಂಬಳ, ಟೊಮ್ಯಾಟೊ, ಗಜ್ಜರಿ. ಬಿಳಿ ಎಂದರೆ ಬಾಳೆದಿಂಡು, ಮೂಲಂಗಿ, ಸೋರೆ, ಬೂದುಗುಂಬಳ. ಇದರ ಜೊತೆಗೆ ಒಂದು ಬೇಳೆ ಅಥವಾ ಕಾಳು, ಒಂದು ಲೋಟ ಮಜ್ಜಿಗೆ ಸೇರಿದರೆ ಊಟ ಪೂರ್ಣವಾಗುತ್ತದೆ.

ಒಂದೇ ಒಲೆ, ಒಂದೇ ಪಾತ್ರೆ

ಮನೆಮಂದಿಯ ಬಾಯಿರುಚಿ ಒಂದೇ ಇರುವುದಿಲ್ಲ. ಹೊಲದಿಂದ ಬಂದವರಿಗೆ ಖಾರ ಬೇಕು. ಅಜ್ಜಿಗೆ ಹಲ್ಲಿಲ್ಲ. ಮಗು ಹಸಿರು ಕಂಡರೆ ಮುಖ ತಿರುಗಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುವುದು ಆಗದ ಮಾತು. ಅದಕ್ಕೆ ಉಪಾಯವೆಂದರೆ ಅಡುಗೆಯನ್ನು ಒಂದೇ ಪಾತ್ರೆಯಲ್ಲಿ ಮಾಡಿ, ಖಾರ ಹಾಕುವ ಮೊದಲು ಮಗುವಿನ ಪಾಲನ್ನು ತೆಗೆದಿಡುವುದು. ಸ್ವಲ್ಪ ಭಾಗವನ್ನು ಹಿರಿಯರಿಗಾಗಿ ಮೆತ್ತಗೆ ಕಿವುಚುವುದು. ಉಳಿದದ್ದಕ್ಕೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುವುದು. ಖಾರ ಬೇಕಾದವರು ತಟ್ಟೆಯಲ್ಲಿಯೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಹಚ್ಚಿಕೊಳ್ಳಬಹುದು. ಈ ಪುಡಿಗಳಲ್ಲಿರುವ ಎಣ್ಣೆಯ ಅಂಶದಿಂದ ಸೊಪ್ಪು, ಕುಂಬಳದ ಕೆರೋಟಿನ್ ಮೈಗೆ ಹತ್ತುವುದೂ ಹೆಚ್ಚುತ್ತದೆ.

ಇನ್ನೊಂದು ಮಾತು. ಬಡಿಸುವಾಗಲೇ ತಾಯಿಯ ತಟ್ಟೆಗೂ ಪಲ್ಯವನ್ನು ಹಾಕಿ ಮುಚ್ಚಿಡಬೇಕು. ಬಸುರಿ, ಬಾಣಂತಿ ಇರುವ ಮನೆಯಲ್ಲಿ ಇದನ್ನು ಅತ್ತೆಯವರೇ ಮುಂದೆ ನಿಂತು ನಡೆಸುವುದು ಒಳ್ಳೆಯದು.

ಕೆಳಗಿನ ಅಡುಗೆಗಳ ಪ್ರಮಾಣವೆಲ್ಲ ಐದು ಜನರಿಗೆ ಲೆಕ್ಕ ಹಿಡಿದು ಕೊಟ್ಟದ್ದು.

ಸಿಹಿಗುಂಬಳದ ಬೇಳೆ

ಸಿಹಿಗುಂಬಳ ಅರ್ಧ ಕಿಲೋ, ಹೆಸರುಬೇಳೆ 150 ಗ್ರಾಂ, ನುಗ್ಗೆ ಸೊಪ್ಪು ಎರಡು ಹಿಡಿ, ಉಳ್ಳಾಗಡ್ಡಿ ಎರಡು, ಅರಿಶಿಣ, ಉಪ್ಪು, ಒಗ್ಗರಣೆಗೆ ಎರಡು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ನಾಲ್ಕು, ನಿಂಬೆಹಣ್ಣು ಒಂದು.

ಹೆಸರುಬೇಳೆಯನ್ನು ತೊಳೆದು ಅರಿಶಿಣ ಹಾಕಿ ಅರೆಬೇಯಿಸಬೇಕು. ಕುಂಬಳವನ್ನು ದಪ್ಪ ಹೋಳು ಮಾಡಿ ಸೇರಿಸಿ ಮುಚ್ಚಳ ಮುಚ್ಚಬೇಕು. ಎಳೆಯ ಕಾಯಿಯಾದರೆ ಸಿಪ್ಪೆ ತೆಗೆಯುವ ಅಗತ್ಯವಿಲ್ಲ. ಬೇಳೆ, ಕುಂಬಳ ಎರಡೂ ಮೆತ್ತಗಾದಾಗ ನುಗ್ಗೆ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ಕುದಿಸಬೇಕು. ಈಗ ಮಗುವಿನ ಪಾಲನ್ನು ಬೇರೆ ತೆಗೆದು ಒಂದು ಚಮಚ ತುಪ್ಪ ಹಾಕಿಡಬೇಕು. ಉಳಿದದ್ದಕ್ಕೆ ಉಳ್ಳಾಗಡ್ಡಿ, ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಬೇಕು. ಇದು ಅನ್ನಕ್ಕೂ ರೊಟ್ಟಿಗೂ ಹೊಂದುತ್ತದೆ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಹಾಲಿನ ಜೊತೆಗೆ ಮೇಲಾಹಾರ ಆರಂಭಿಸುವಾಗ ಇದೇ ಕುಂಬಳ, ಬೇಳೆಯನ್ನು ಉಪ್ಪು ಹಾಕುವುದಕ್ಕೆ ಮೊದಲೇ ತೆಗೆದು, ನುಣ್ಣಗೆ ಕಿವುಚಿ ತಿನ್ನಿಸಬಹುದು.

ಎರಡು ಸೊಪ್ಪಿನ ಪುಂಡಿಪಲ್ಯ

ಪುಂಡಿ ಸೊಪ್ಪು ಒಂದು ಕಟ್ಟು, ರಾಜಗಿರಿ ಅಥವಾ ಹರಿವೆ ಸೊಪ್ಪು ಎರಡು ಕಟ್ಟು, ಜೋಳದ ನುಚ್ಚು 100 ಗ್ರಾಂ, ತೊಗರಿಬೇಳೆ 75 ಗ್ರಾಂ, ಶೇಂಗಾ ಒಂದು ಹಿಡಿ, ಬೆಳ್ಳುಳ್ಳಿ ಎರಡು ಗಡ್ಡೆ, ಹಸಿಮೆಣಸಿನಕಾಯಿ, ಉಪ್ಪು, ಎಣ್ಣೆ.

ಪುಂಡಿಯ ಹುಳಿ ಹೆಚ್ಚಾಯಿತೆಂದು ಬೇಯಿಸಿದ ನೀರನ್ನು ಹಿಂಡಿ ಚೆಲ್ಲುವ ರೂಢಿ ಹಲವು ಮನೆಗಳಲ್ಲಿದೆ. ನೀರಿನ ಜೊತೆ ಸಿ ಜೀವಸತ್ವವೂ ಖನಿಜಾಂಶಗಳೂ ಬಚ್ಚಲು ಸೇರುತ್ತವೆ. ಅದರ ಬದಲು ಒಂದು ಪಾಲು ಪುಂಡಿಗೆ ಎರಡು ಪಾಲು ಹುಳಿಯಿಲ್ಲದ ಸೊಪ್ಪು ಬೆರೆಸಿದರೆ ಹುಳಿ ಹದಕ್ಕೆ ಬರುತ್ತದೆ. ಚೆಲ್ಲುವ ಪ್ರಮೇಯವೇ ಇರುವುದಿಲ್ಲ. ಬೇಳೆ, ನುಚ್ಚು, ಶೇಂಗಾಗಳನ್ನು ಮೊದಲು ಬೇಯಿಸಿಕೊಂಡು, ತೊಳೆದು ಹೆಚ್ಚಿದ ಸೊಪ್ಪುಗಳನ್ನು ಸೇರಿಸಿ ಬೆಂದ ಮೇಲೆ ಕಡಗೋಲಿನಿಂದ ಮಸೆಯಬೇಕು. ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಇದಕ್ಕೆ ರುಚಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಹುರಿದು ಪುಡಿ ಮಾಡಿ ಹಾಕಬೇಕು. ಈ ಪಲ್ಯವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬಾರದು. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಅಡುಗೆಯ ಕಬ್ಬಿಣಾಂಶ ಹೆಚ್ಚುತ್ತದೆ. ಆದರೆ ಬೆಂದ ಕೂಡಲೆ ಬೇರೆ ಪಾತ್ರೆಗೆ ಬಗ್ಗಿಸಬೇಕು; ಇಲ್ಲದಿದ್ದರೆ ಪಲ್ಯ ಕಪ್ಪಾಗುತ್ತದೆ.

ಬಾಳೆಹೂವಿನ ಪಲ್ಯ

ಗೊನೆಯಲ್ಲಿ ಕಾಯಿ ಕಟ್ಟುವುದು ಮುಗಿದ ಮೇಲೆ ತುದಿಯ ಹೂವನ್ನು ಮುರಿದು ಹಾಕುವುದು ಒಳ್ಳೆಯ ಬೇಸಾಯ ಕ್ರಮ. ಹೂವಿಗೆ ಹೋಗುವ ಸತ್ವ ಕಾಯಿಗೆ ಉಳಿಯುತ್ತದೆ. ಹೀಗೆ ಮುರಿದ ಹೂ ತೋಟದಲ್ಲಿಯೇ ಕೊಳೆಯುವುದನ್ನು ಕಾಣುತ್ತೇವೆ. ನಗರಗಳಲ್ಲಿ ಅದೇ ಹೂವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಬಾಳೆ ಬೆಳೆಯುವ ಮನೆಗೆ ಇದು ಖರ್ಚಿಲ್ಲದ ತರಕಾರಿ.

ಕೈಗೆ ಎಣ್ಣೆ ಸವರಿಕೊಂಡು ಹೊರಗಿನ ಕೆಂಪು ಎಸಳುಗಳನ್ನು ಬಿಡಿಸಬೇಕು. ಒಳಗಿನ ಒಂದೊಂದು ಸಣ್ಣ ಹೂವಿನಿಂದಲೂ ನಡುವಿನ ಗಟ್ಟಿ ಕಡ್ಡಿಯನ್ನೂ ತೆಳುವಾದ ಪೊರೆಯನ್ನೂ ತೆಗೆಯಬೇಕು; ಅವು ಬೇಯುವುದಿಲ್ಲ. ನಡುವಿನ ಬಿಳಿ ತಿರುಳನ್ನು ಹಾಗೆಯೇ ಬಳಸಬಹುದು. ಸಣ್ಣಗೆ ಹೆಚ್ಚಿ ಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ, ಒಗರೂ ತಗ್ಗುತ್ತದೆ. ಅನಂತರ ನೀರು ಬಸಿದು, ಒಂದು ಹಿಡಿ ನೆನೆಸಿದ ಕಡಲೆಬೇಳೆಯ ಜೊತೆ ಒಗ್ಗರಣೆಯಲ್ಲಿ ಹಾಕಿ, ಉಪ್ಪು, ಸ್ವಲ್ಪ ಹುಣಸೆರಸ, ಚೂರು ಬೆಲ್ಲ ಸೇರಿಸಿ ಮುಚ್ಚಿ ಬೇಯಿಸಬೇಕು. ಇಳಿಸುವಾಗ ಎರಡು ಚಮಚ ಶೇಂಗಾ ಪುಡಿ ಉದುರಿಸಿದರೆ ಒಗರು ಗೊತ್ತಾಗುವುದಿಲ್ಲ.

ಬಾಳೆದಿಂಡಿನ ಕೋಸಂಬರಿ

ಗೊನೆ ಕಡಿದ ಗಿಡದ ದಿಂಡಿನ ಒಳಗಿನ ಬಿಳಿ ಭಾಗವನ್ನು ಒಂದು ಗೇಣಿನಷ್ಟು ತೆಗೆದುಕೊಂಡು ತೆಳುವಾದ ಬಿಲ್ಲೆಗಳಾಗಿ ಕೊಯ್ಯಬೇಕು. ಕೊಯ್ಯುವಾಗ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆಯಬೇಕು. ಮಜ್ಜಿಗೆ ನೀರಿನಲ್ಲಿ ಹಾಕಿ, ಸಣ್ಣಗೆ ಹೆಚ್ಚಿ ಬಸಿಯಬೇಕು. ಒಂದು ಗಂಟೆ ನೆನೆದ ಹೆಸರುಬೇಳೆ ಒಂದು ಬಟ್ಟಲು, ಹೆಚ್ಚಿದ ಸವತೆಕಾಯಿ ಒಂದು, ಹಸಿಕೊಬ್ಬರಿ, ಕೊತ್ತಂಬರಿ, ನಿಂಬೆರಸ ಸೇರಿಸಿ, ಊಟಕ್ಕೆ ಕೂಡುವ ಹೊತ್ತಿಗೆ ಉಪ್ಪು ಬೆರೆಸಬೇಕು. ಮೊದಲೇ ಉಪ್ಪು ಹಾಕಿದರೆ ನೀರು ಬಿಡುತ್ತದೆ. ಒಲೆ ಉರಿಸದೆ ಆಗುವ ಅಡುಗೆ ಇದು. ನವರಾತ್ರಿಯ ದಿನಗಳಲ್ಲಿ ಅನುಕೂಲ. ಒಂದು ಎಚ್ಚರಿಕೆ: ಬುಡಕ್ಕೆ ಹರಳು ಕೀಟನಾಶಕ ಹಾಕಿದ ಬಾಳೆಯ ದಿಂಡು, ಹೂವುಗಳನ್ನು ಅಡುಗೆಗೆ ಬಳಸಲೇಬಾರದು. ಮನೆಯ ಬಳಕೆಗೆಂದು ನಾಲ್ಕಾರು ಗಿಡಗಳನ್ನು ಔಷಧಿ ಹಾಕದೆ ಬೇರೆಯಾಗಿ ಬೆಳೆಸಿಕೊಳ್ಳುವುದು ಕ್ಷೇಮ.

ಹೀರೆಕಾಯಿ: ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ

ಹೀರೆಕಾಯಿಯ ಏಣುಗಳನ್ನು ಹೆರೆದು ತೆಗೆದ ಸಿಪ್ಪೆಯನ್ನು ತಿಪ್ಪೆಗೆ ಹಾಕಬೇಕಾಗಿಲ್ಲ. ಒಂದು ಚಮಚ ಎಣ್ಣೆಯಲ್ಲಿ ಗರಿಗರಿಯಾಗುವಂತೆ ಹುರಿದು, ಹುರಿದ ಶೇಂಗಾ ಅಥವಾ ಎಳ್ಳು, ಹುಣಸೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿದರೆ ರೊಟ್ಟಿಗೆ ಒಳ್ಳೆಯ ಚಟ್ನಿಯಾಗುತ್ತದೆ. ತಿರುಳನ್ನು ಹೆಸರುಬೇಳೆಯ ಜೊತೆ ಅದರ ನೀರಿನಲ್ಲಿಯೇ ಬೇಯಿಸಬಹುದು.

ಸೋರೆಕಾಯಿ ತಾಲಿಪಟ್ಟು

ತರಕಾರಿ ಬೇಡವೆನ್ನುವ ಮಕ್ಕಳಿಗೆ ಇದು ಉತ್ತಮ. ಎರಡು ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಕಡಲೆಹಿಟ್ಟು, ತುರಿದ ಸೋರೆಕಾಯಿ ಎರಡು ಬಟ್ಟಲು, ಹೆಚ್ಚಿದ ಮೆಂತ್ಯ ಸೊಪ್ಪು ಒಂದು ಹಿಡಿ, ಎಳ್ಳು, ಜೀರಿಗೆ, ಉಪ್ಪು ಸೇರಿಸಿ ಕಲಸಬೇಕು. ಸೋರೆಯ ನೀರೇ ಸಾಕಾಗುತ್ತದೆ. ಬೇಕಾದರೆ ಮಾತ್ರ ಮಜ್ಜಿಗೆ ಚಿಮುಕಿಸಬೇಕು. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಹೆಂಚಿನ ಮೇಲೆ ಎಣ್ಣೆ ಬಿಟ್ಟು ಎರಡೂ ಬದಿ ಸುಡಬೇಕು. ಮೊಸರು, ಚಟ್ನಿಪುಡಿಯ ಜೊತೆ ಶಾಲೆಯ ಬುತ್ತಿಗೂ ಹೊಲದ ಬುತ್ತಿಗೂ ಆಗುತ್ತದೆ. ಸೋರೆಯನ್ನು ಹೆಚ್ಚುವ ಮೊದಲು ತುದಿಯ ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಬೇಕು. ಕಹಿಯಿದ್ದರೆ ಆ ಕಾಯನ್ನು ಪೂರ್ತಿ ಎಸೆಯಬೇಕು. ಕಹಿ ಸೋರೆ ವಿಷಕಾರಿ. ಬೇಯಿಸಿದರೂ ಅದರ ದೋಷ ಹೋಗುವುದಿಲ್ಲ. ಹೀರೆ, ಸವತೆಗಳಿಗೂ ಇದೇ ಮಾತು.

ಈ ಕಾಲದ ಹಣ್ಣುಗಳು

ಪೇರಲ ಬಡವರ ಸೇಬು ಎಂದು ಹೆಸರಾಗಿದೆ. ಸಿ ಜೀವಸತ್ವದ ಲೆಕ್ಕದಲ್ಲಿ ಸೇಬು ಇದರ ಹತ್ತಿರಕ್ಕೂ ಬಾರದು. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ. ಇದು ಕಿತ್ತಳೆಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಅದೇ ಊಟದಲ್ಲಿ ಸಿ ಜೀವಸತ್ವವಿರಬೇಕು. ಆದುದರಿಂದ ಊಟವಾದ ಕೂಡಲೆ ಒಂದು ಹೋಳು ಪೇರಲ ತಿನ್ನುವುದು ಲಾಭಕರ. ಊಟದ ಹಿಂದೆಯೇ ಚಹಾ ಕುಡಿದರೆ ಇದಕ್ಕೆ ವಿರುದ್ಧವಾದ ಪರಿಣಾಮವಾಗುತ್ತದೆ. ಕಬ್ಬಿಣಾಂಶ ಹೀರುವುದಕ್ಕೆ ಚಹಾ ಅಡ್ಡಿ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಬೇಕು.

ಸೀತಾಫಲ ಶಕ್ತಿ ಕೊಡುವ ಹಣ್ಣು. ಬೀಜ ತೆಗೆದ ತಿರುಳನ್ನು ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ ಮಕ್ಕಳಿಗೆ ಕೊಡಬಹುದು, ಸಕ್ಕರೆ ಬೇಡ. ತಿರುಳನ್ನು ಒಲೆಯ ಮೇಲೆ ಕುದಿಸಬಾರದು, ಕಹಿಯಾಗುತ್ತದೆ. ಇದರ ಬೀಜವನ್ನು ಅರೆದು ತಲೆಗೆ ಹೇನಿಗೆಂದು ಹಚ್ಚುವ ರೂಢಿಯುಂಟು. ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೆ ಗಾಯವಾಗುತ್ತದೆ. ಈ ರೂಢಿಯನ್ನು ಬಿಡತಕ್ಕದ್ದು.

ಬಾಳೆಹಣ್ಣಂತೂ ಕಡ್ಡಿರಾಂಪುರ, ಕಂಪ್ಲಿ ಕಡೆಯ ತೋಟಗಳಲ್ಲಿ ವರ್ಷವಿಡೀ ಸಿಗುತ್ತದೆ. ಸುಗಂಧಿ, ಏಲಕ್ಕಿ ಯಾವುದಾದರೂ ಸರಿ, ಹಣ್ಣನ್ನು ಹೆಚ್ಚಿ ಹಾಲು, ಚೂರು ಬೆಲ್ಲ, ಏಲಕ್ಕಿ ಪುಡಿ ಬೆರೆಸಿದರೆ ಚಪಾತಿಗೆ ಸೀಕರಣೆ ಸಿದ್ಧ. ಕಾರ್ತಿಕದಲ್ಲಿ ಬೆಟ್ಟದ ನೆಲ್ಲಿ ಬರುತ್ತದೆ. ತುಳಸಿ ಪೂಜೆಗೆ ತಂದ ನೆಲ್ಲಿಯ ಟೊಂಗೆಯ ಕಾಯನ್ನು ಒಣಗಲು ಬಿಡದೆ, ಹಸಿಯಾಗಿಯೇ ಚಟ್ನಿ ಅರೆಯಬಹುದು ಅಥವಾ ಉಪ್ಪುನೀರಿನಲ್ಲಿ ಹಾಕಿಡಬಹುದು. ಆಯುಧಪೂಜೆಯಲ್ಲಿ ದೃಷ್ಟಿಗೆಂದು ಬೂದುಗುಂಬಳ ತರುವ ಮನೆಯವರು ಇನ್ನೊಂದನ್ನು ಅಡುಗೆಗೂ ತಂದರೆ ಮಜ್ಜಿಗೆಹುಳಿಗೂ ಆಯಿತು, ಸಂಡಿಗೆಗೂ ಆಯಿತು.

ಸಕ್ಕರೆ ಕಾಯಿಲೆ ಇರುವವರು ಸೀತಾಫಲ, ಬಾಳೆಹಣ್ಣುಗಳನ್ನು ಮಿತಿಯಲ್ಲಿ ತಿನ್ನಬೇಕು. ಪೇರಲ ಅವರಿಗೆ ಹೆಚ್ಚು ಹಿತ. ಮೂತ್ರಪಿಂಡದ ಕಾಯಿಲೆಯವರು ಬಾಳೆಹಣ್ಣು, ಸೊಪ್ಪುಗಳ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು.

ಸತ್ವ ಉಳಿಸುವ ಕ್ರಮಗಳು

1. ಸೊಪ್ಪು, ತರಕಾರಿಯನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು.
2. ಹೋಳುಗಳು ದಪ್ಪವಾಗಿರಲಿ. ಹೆಚ್ಚಿದ ಕೂಡಲೆ ಒಲೆಯ ಮೇಲೆ ಇಡಬೇಕು.
3. ಬೇಕಾದಷ್ಟೇ ನೀರು ಹಾಕಿ, ಮುಚ್ಚಳ ಮುಚ್ಚಿ ಬೇಯಿಸಬೇಕು. ಬೇಯಿಸಿದ ನೀರನ್ನು ಸಾರಿಗೆ ಬಳಸಬೇಕು.
4. ಬೇಗ ಬೇಯಲೆಂದು ಅಡುಗೆ ಸೋಡ ಹಾಕಬಾರದು, ಜೀವಸತ್ವಗಳು ನಾಶವಾಗುತ್ತವೆ.
5. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು.
6. ಔಷಧಿ ಸಿಂಪಡಿಸಿದ ತರಕಾರಿಯನ್ನು ಡಬ್ಬಿಯ ಚೀಟಿಯಲ್ಲಿ ತಿಳಿಸಿರುವ ದಿನಗಳು ಕಳೆಯುವವರೆಗೆ ಕೀಳಬಾರದು. ಪೇಟೆಗೆ ಕಳಿಸುವ ಕಾಯಿಗೂ ಇದೇ ನಿಯಮ. ಅದನ್ನು ತಿನ್ನುವ ಮನೆಯಲ್ಲಿಯೂ ಮಕ್ಕಳಿರುತ್ತಾರೆ.

ಒಂದು ವಾರದ ಊಟದ ಪಟ್ಟಿ

ಸೋಮವಾರ: ರೊಟ್ಟಿ, ಎರಡು ಸೊಪ್ಪಿನ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ, ಪೇರಲ.
ಮಂಗಳವಾರ: ಅನ್ನ, ಸಿಹಿಗುಂಬಳದ ಬೇಳೆ, ಬಾಳೆದಿಂಡಿನ ಕೋಸಂಬರಿ; ಬಾಳೆಹಣ್ಣು.
ಬುಧವಾರ: ರೊಟ್ಟಿ, ಮಡಕೆಕಾಳಿನ ಪಲ್ಯ, ಹೀರೆಕಾಯಿ ಸಿಪ್ಪೆಯ ಚಟ್ನಿ, ಸವತೆಕಾಯಿ, ಸೀತಾಫಲ.
ಗುರುವಾರ: ಅನ್ನ, ನುಗ್ಗೆ ಸೊಪ್ಪಿನ ಸಾರು, ಬಾಳೆಹೂವಿನ ಪಲ್ಯ, ಮೊಸರು, ಪೇರಲ.
ಶುಕ್ರವಾರ: ಸೋರೆಕಾಯಿ ತಾಲಿಪಟ್ಟು, ಮೊಸರು, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು.
ಶನಿವಾರ: ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೆಂತ್ಯ ಸೊಪ್ಪಿನ ಪಚಡಿ; ನೆಲ್ಲಿಕಾಯಿ.
ರವಿವಾರ: ಚಪಾತಿ, ಚವಳಿಕಾಯಿ ಪಲ್ಯ, ಬಾಳೆಹಣ್ಣಿನ ಸೀಕರಣೆ, ಅನ್ನ, ಬೂದುಗುಂಬಳದ ಮಜ್ಜಿಗೆಹುಳಿ.

ಮಾಂಸ, ಮೊಟ್ಟೆ, ಹೊಳೆಮೀನು ತಿನ್ನುವ ಮನೆಗಳಲ್ಲಿ ವಾರಕ್ಕೆ ಒಂದೆರಡು ಸಾರಿ ಅವನ್ನು ಸೇರಿಸಬಹುದು. ಆ ದಿನವೂ ಸೊಪ್ಪು, ತರಕಾರಿ ತಪ್ಪಬಾರದು.

ಹಿತ್ತಲಲ್ಲಿ ಒಂದು ಕೈತೋಟ

ಬರಿಯ ಬಾಳೆ, ಕಬ್ಬು ಬೆಳೆಯುವ ಮನೆಯವರು ತರಕಾರಿಯನ್ನು ಸಂತೆಯಿಂದ ಕೊಳ್ಳಬೇಕಾಗುತ್ತದೆ. ಸಂತೆಯ ದಿನ ತಂದದ್ದು ಮೂರು ದಿನಕ್ಕೆ ಮುಗಿಯುತ್ತದೆ. ಉಳಿದ ನಾಲ್ಕು ದಿನ ಮತ್ತೆ ತಿಳಿಸಾರು. ಬಚ್ಚಲು ನೀರು ಹರಿಯುವ ಕಡೆ ಅರ್ಧ ಗುಂಟೆ ಜಾಗದಲ್ಲಿ ಕೈತೋಟ ಮಾಡಿದರೆ ಈ ಕೊರತೆ ನೀಗುತ್ತದೆ. ಮೂಲೆಗೆ ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ಒಂದು ಪೇರಲ. ಬೇಲಿಗೆ ಹೀರೆ, ಹಾಗಲ, ಚಪ್ಪರದವರೆ. ನಡುವಿನ ಮಡಿಗಳಲ್ಲಿ ಸೊಪ್ಪುಗಳು. ಸೊಪ್ಪನ್ನು ಒಂದೇ ಸಾರಿ ಬಿತ್ತದೆ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಸತತವಾಗಿ ಸಿಗುತ್ತದೆ. ಚಿತ್ತಾ, ಸ್ವಾತಿ ಮಳೆಗಳ ಹದದಲ್ಲಿ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಗಜ್ಜರಿ ಬಿತ್ತಲು ಸಕಾಲ.

ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಸಿಹಿಗುಂಬಳ, ಅರ್ಕಾ ಸುಗುಣ ದಂಟು ಸೊಪ್ಪು, ಹಳದಿ ನಂಜುರೋಗವನ್ನು ತಡೆದುಕೊಳ್ಳುವ ಅರ್ಕಾ ಅನಾಮಿಕ ಬೆಂಡೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ನುಗ್ಗೆ ಕೈತೋಟಕ್ಕೆ ತಕ್ಕ ತಳಿಗಳು. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತೋಟಗಾರಿಕೆ ಇಲಾಖೆಯನ್ನಾಗಲಿ ಸಂಪರ್ಕಿಸಬಹುದು.

ಎಲ್ಲರಿಗೂ ಹಿತ್ತಲಿರುವುದಿಲ್ಲ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ತೆರವುಗೊಂಡ ಕುಟುಂಬಗಳಿಗೆ ನಿವೇಶನ ಗುರುತಿಸಿದ್ದು ಕಡ್ಡಿರಾಂಪುರದಲ್ಲಿಯೇ. ಅಂಥ ಸಣ್ಣ ನಿವೇಶನದ ಮನೆಯವರು, ಕೂಲಿಯ ಮನೆಯವರು ಗೊಬ್ಬರದ ಹಳೆಯ ಚೀಲವನ್ನು ಚೆನ್ನಾಗಿ ತೊಳೆದು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಸೊಪ್ಪು, ಮೆಣಸಿನಗಿಡ, ಬದನೆ ಬೆಳೆಯಬಹುದು. ಒಂದು ಕುಂಬಳದ ಬಳ್ಳಿಗೆ ಬುಡದಲ್ಲಿ ಒಂದು ಮೊಳ ಜಾಗವಿದ್ದರೆ ಸಾಕು, ಮಾಳಿಗೆಯೇ ಅದರ ಹೊಲ. ತೋಟವಿದ್ದವರು ತಾವು ಮುರಿದು ಹಾಕುವ ಬಾಳೆಹೂ, ಕಡಿದು ಬಿಡುವ ದಿಂಡುಗಳನ್ನು ಇಂಥ ಮನೆಗಳಿಗೆ ಕರೆದು ಕೊಟ್ಟರೆ ತೋಟಕ್ಕೆ ನಷ್ಟವಿಲ್ಲ, ಊರಿಗೆ ಉಪಕಾರ.

ಲಾಭ, ನಷ್ಟದ ಲೆಕ್ಕ

ಮನೆಗೆ ಇಟ್ಟುಕೊಂಡರೆ ಮಾರಾಟದ ದುಡ್ಡು ಕಡಿಮೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವೇ. ಗೊನೆಯ ತುದಿಯ ಚಿಪ್ಪಿನ ಕಾಯಿ ಸಣ್ಣವು. ಕೊಳ್ಳುವವರು ಅದಕ್ಕೆ ಬೆಲೆ ಕಟ್ಟುವುದು ಕಡಿಮೆ, ರುಚಿಯಲ್ಲಿ ಸತ್ವದಲ್ಲಿ ಅದು ಕಡಿಮೆಯೇನಲ್ಲ. ಹೂವಿಗೆ, ದಿಂಡಿಗೆ, ಹೀರೆಯ ಸಿಪ್ಪೆಗೆ, ಬೇಲಿಯ ನುಗ್ಗೆ ಸೊಪ್ಪಿಗೆ ಪೇಟೆಯಲ್ಲಿ ರೈತನಿಗೆ ಬರುವ ದುಡ್ಡು ಇಲ್ಲವೇ ಇಲ್ಲವೆನ್ನಬೇಕು. ಹೀಗೆ ಮನೆಯ ಪಾಲಿನ ಬಹುಭಾಗ ಮಾರಾಟಕ್ಕೆ ಹೋಗದ ವಸ್ತುವಿನಿಂದಲೇ ತುಂಬುತ್ತದೆ. ಮಿಕ್ಕ ಅಲ್ಪ ಭಾಗಕ್ಕೆ ಬಿಟ್ಟುಕೊಡುವ ದುಡ್ಡನ್ನು ದವಾಖಾನೆಯ ಒಂದು ಭೇಟಿಯ ಖರ್ಚಿನೊಡನೆ, ತಪ್ಪಿದ ಕೂಲಿಯೊಡನೆ ತೂಗಿ ನೋಡಬೇಕು.

ಸೀಗಿ ಹುಣ್ಣಿಮೆಯ ದಿನ ರೈತ ಕುಟುಂಬಗಳು ಹೊಲಕ್ಕೆ ಹೋಗಿ ಬಗೆಬಗೆಯ ಅಡುಗೆಯ ಚರಗವನ್ನು ಭೂಮಿತಾಯಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸುವ ಹಬ್ಬವದು. ಭೂಮಿಗೆ ಮೊದಲ ಪಾಲು ಕೊಡುವ ಮನೆಯಲ್ಲಿ ಬಸುರಿ ಸೊಸೆಗೂ, ಬೆಳೆಯುವ ಮಗುವಿಗೂ ಮೊದಲ ಪಾಲು ಸಿಗಲಿ. ಹತ್ತು ಚಿಪ್ಪಿನ ಗೊನೆಯಲ್ಲಿ ಒಂದು ಚಿಪ್ಪು, ಬುಟ್ಟಿ ಪೇರಲದಲ್ಲಿ ದಿನಕ್ಕೆ ಐದು ಹಣ್ಣು, ದಿನಕ್ಕೊಂದು ಸೊಪ್ಪು: ಇಷ್ಟನ್ನು ಈ ಕಾರ್ತಿಕ ಮುಗಿಯುವವರೆಗೆ ತಪ್ಪದೆ ನಡೆಸಿ ನೋಡಬೇಕು.